‘ಪುರುಸೊತ್ತು ಮಾಡಿಕೊಂಡು ಬನ್ನಿ’ ಅಂತ ಕಾಗದದಲ್ಲಿ ಹಾಕಬಹುದಾ? ಪುರುಸೊತ್ತು, ಬಿಡುವು, ಸಮಯ – ಇವುಗಳ ವ್ಯತ್ಯಾಸ ಎಂತ?

ಕಾಪುವಿನವಳು

ಎಲ್ಲರಿಗೂ ನಮಸ್ಕಾರ. ಒಂದು ಶಬ್ದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ಸ್ವಲ್ಪ ಬೇಗ ಬೇಕು, ಯಾಕೆಂದರೆ ಶನಿವಾರ ಆಮಂತ್ರಣದ ಕಾಗದ ಪ್ರಿಂಟಿಗೆ ಹೋಗಬೇಕು.

ಬರುವ ತಿಂಗಳು ನಮ್ಮ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ. ಕಾಗದದ ಒಕ್ಕಣೆಯನ್ನು ಅಪ್ಪ ತಾವೇ ಬರೆದರು. ಮೂರು ದಿನ ಕೂತು, ಹೊಡೆದು ಹಾಕಿ, ತಿದ್ದಿ ಬರೆದರು. ಅದರಲ್ಲಿ ಒಂದು ಸಾಲು ಹೀಗಿದೆ: ‘ತಾವು ಪುರುಸೊತ್ತು ಮಾಡಿಕೊಂಡು ಮನೆಮಂದಿಯೊಂದಿಗೆ ಬಂದು ಊಟ ಮಾಡಿಕೊಂಡೇ ಹೋಗಬೇಕು.’

ಪ್ರೆಸ್ಸಿನವರು ಓದಿದರು. ‘ಪುರುಸೊತ್ತು ಅಂತ ಕಾಗದದಲ್ಲಿ ಯಾರೂ ಹಾಕುವುದಿಲ್ಲ, ಅದು ಆಡುಮಾತು, ಶುದ್ಧ ಕನ್ನಡ ಅಲ್ಲ. ತಮ್ಮ ಅಮೂಲ್ಯ ಸಮಯವನ್ನು ಬಿಡುವು ಮಾಡಿಕೊಂಡು ಅಂತ ಹಾಕುವ’ ಎಂದರು. ಅಪ್ಪನಿಗೆ ಅದು ಹಿಡಿಸಲಿಲ್ಲ. ‘ಅದು ಎಲ್ಲರ ಕಾಗದದಲ್ಲೂ ಉಂಟು, ಯಾರೂ ಓದುವುದಿಲ್ಲ. ನಾನು ಬಾಯಲ್ಲಿ ಹೇಗೆ ಕರೆಯುತ್ತೇನೋ ಹಾಗೆಯೇ ಇರಲಿ’ ಅನ್ನುತ್ತಾರೆ. ಬೆಂಗಳೂರಿನಲ್ಲಿರುವ ನನ್ನ ತಮ್ಮ ಪ್ರೆಸ್ಸಿನವರ ಪರ. ಮಧ್ಯದಲ್ಲಿ ನಾನು.

ಪುರುಸೊತ್ತು ಬರೆಯಬಾರದ ಶಬ್ದವಾ? ಬಿಡುವು ಅಂದರೂ ಸಮಯ ಅಂದರೂ ಅದೇ ಅರ್ಥವಾ? ಗೊತ್ತಿದ್ದವರು ಹೇಳಿ.

ಸುರತ್ಕಲ್‌ನಿಂದ

ಅಕ್ಕಾ, ಅಪ್ಪ ಬರೆದ ಹಾಗೆಯೇ ಹಾಕಿ. ಓದುವಾಗಲೇ ಹೋಗುವ ಅಂತ ಅನಿಸಿತು ನನಗೆ.

ನಿವೃತ್ತ ಮೇಷ್ಟ್ರು, ಉಡುಪಿ

ಕನ್ನಡ ಪಾಠ ಮಾಡಿಯೇ ನಿವೃತ್ತನಾದವನು ನಾನು. ನನಗೆ ತಿಳಿದಷ್ಟು ಹೇಳುತ್ತೇನೆ.

ಪುರುಸೊತ್ತು ಹೊರಗಿನಿಂದ ಬಂದ ಶಬ್ದ, ಅದು ನಿಜ. ಅರಬ್ಬಿಯಲ್ಲಿ ‘ಫುರ್ಸಾ’ ಅಂದರೆ ಅವಕಾಶ. ಅದು ಪಾರ್ಸಿಗೆ, ಉರ್ದುವಿಗೆ, ಮರಾಠಿಗೆ ಬರುವಾಗ ‘ಫುರ್ಸತ್’ ಆಯಿತು, ಬಿಡುವು ಎಂಬ ಅರ್ಥವೂ ಸೇರಿಕೊಂಡಿತು. ನಮ್ಮ ನಾಲಿಗೆಗೆ ಆ ‘ಫ’ ಹೊಸದು. ಹಾಗಾಗಿ ಅದು ‘ಪ’ ಆಯಿತು. ಕೊನೆಗೆ ನಮ್ಮ ‘ಉ’ ಬಂದು ಕೂತಿತು. ತಾಕತ್ ಹೋಗಿ ತಾಕತ್ತು ಆದದ್ದು, ಕಸರತ್ ಹೋಗಿ ಕಸರತ್ತು ಆದದ್ದು ಇದೇ ದಾರಿಯಲ್ಲಿ. ಸವಲತ್ತು, ಕಿಮ್ಮತ್ತು, ಕರಾಮತ್ತು – ಎಲ್ಲ ಒಂದೇ ಬಳಗ. ಬರೆಯುವವರು ಪುರಸೊತ್ತು, ಪುರ್ಸೊತ್ತು, ಪುರುಸೊತ್ತು ಅಂತ ಬೇರೆ ಬೇರೆ ಥರ ಬರೆಯುತ್ತಾರೆ. ಕಿವಿಗೆ ಬಿದ್ದ ಹಾಗೆ ಬರೆದುಕೊಂಡ ಶಬ್ದಕ್ಕೆ ಅದು ಸಹಜ.

ಹೊರಗಿನಿಂದ ಬಂದದ್ದನ್ನೆಲ್ಲ ತೆಗೆಯಬೇಕು ಅಂದರೆ ಪ್ರೆಸ್ಸಿನವರ ಸಾಲೂ ಉಳಿಯುವುದಿಲ್ಲ. ಅಮೂಲ್ಯ, ಸಮಯ ಎರಡೂ ಸಂಸ್ಕೃತದವು. ಅವರ ಸಾಲಿನಲ್ಲಿ ನಮ್ಮದೇ ಮಣ್ಣಿನ ಹೆಸರುಪದ ಅಂದರೆ ಬಿಡುವು, ‘ಬಿಡು’ ಎಂಬುದರಿಂದ ಹುಟ್ಟಿದ್ದು. ನೀವು ಹಂಚಲಿರುವ ಆ ‘ಕಾಗದ’ ಕೂಡ ಪಾರ್ಸಿಯ ಕಾಗಜ್. ಖಾಲಿ, ತಯಾರಿ, ಜಾಸ್ತಿ, ಬೇಜಾರು, ಆರಾಮ – ಇವೆಲ್ಲ ಹೀಗೆ ಬಂದು ನಮ್ಮವೇ ಆದವು. ಇವನ್ನು ಬಿಟ್ಟು ಒಂದು ದಿನ ಮಾತಾಡಲು ಆಗುತ್ತದಾ ನೋಡಿ.

ಕಿಟ್ಟೆಲರ ನಿಘಂಟು 1894ರಲ್ಲಿ ನಮ್ಮ ಮಂಗಳೂರಿನಿಂದಲೇ, ಬಾಸೆಲ್ ಮಿಷನ್ನಿನವರಿಂದ ಹೊರಬಂದದ್ದು. ಹಿಂದೂಸ್ತಾನಿಯಿಂದ, ಮರಾಠಿಯಿಂದ ಬಂದ ಶಬ್ದಗಳ ಪಕ್ಕ ಅವರು ಒಂದು ಗುರುತು ಹಾಕಿದ್ದಾರೆ. ಎಲ್ಲಿಂದ ಬಂತು ಅಂತ ಗುರುತು ಹಾಕಿದರು, ಆದರೆ ಮನೆಯೊಳಗೆ ಜಾಗ ಕೊಟ್ಟರು. ನನಗೆ ಆ ಕ್ರಮ ಸರಿ ಅನಿಸುತ್ತದೆ.

ಕುಂದಾಪ್ರದ ಸರೋಜಿನಿ ಮಗಳು

ಮೇಷ್ಟ್ರೇ, ನೀವು ಹೇಳಿದ್ದು ಸರಿ ಇರಬಹುದು. ನಮ್ಮ ಮನೆಯಲ್ಲಿ ಮಾತ್ರ ಈ ಶಬ್ದಕ್ಕೆ ಬೇರೆಯೇ ಹುಟ್ಟು ಉಂಟು. ‘ಅದ್ ಪುರುಷರ್ ಸೊತ್ತ್ ಮಗಾ, ನಮ್ಗೆಲ್ಲಿ?’ ಅಂತ ಅಮ್ಮ ಹೇಳುತ್ತಿದ್ದರು. ಪುರುಷ, ಸೊತ್ತು – ಪುರುಸೊತ್ತು.

ನಮ್ಮ ಕಡೆ ಸೊತ್ತು ಅಂದರೆ ಆಸ್ತಿ, ಸಾಮಾನು. ಪೇಪರಿನಲ್ಲಿ ‘ಮನೆಯಿಂದ ಸೊತ್ತು ಕಳವು’ ಅಂತ ಬರುತ್ತದಲ್ವಾ, ಅದೇ ಸೊತ್ತು. ಅಮ್ಮ ಬೆಳಗ್ಗೆ ಬೀಡಿ ಎಲೆ ಕತ್ತರಿಸಿ, ಅಡುಗೆ ಮಾಡಿ, ಮಧ್ಯಾಹ್ನ ಬೀಡಿ ಕಟ್ಟಿ, ಸಂಜೆ ಬ್ರಾಂಚಿಗೆ ಕೊಟ್ಟು ಬರುವವರು. ಅಪ್ಪ ಜಗಲಿಯಲ್ಲಿ ಪೇಪರ್ ಓದುವಾಗ ಅವರಿಗೆ ಈ ಶಬ್ದ ಕಣ್ಣೆದುರೇ ಕಾಣುತ್ತಿತ್ತು. ಈ ಅರ್ಥ ನನಗೆ ಯಾವ ನಿಘಂಟಿನಿಂದಲೂ ಬಂದದ್ದಲ್ಲ. ಆದರೆ ಮರೆಯಲು ಆಗುವುದಿಲ್ಲ.

ಅಂದ ಹಾಗೆ ನಮ್ಮ ಕುಂದಾಪ್ರದಲ್ಲಿ ಕೇಳುವುದು ‘ಪುರ್ಸೊತ್ತ್ ಇತ್ತಾ?’ ಅಂತ. ಹೊರಗಿನವರು ಇದನ್ನು ಕೇಳಿ, ನಿನ್ನೆ ಇತ್ತಾ ಅಂತ ಕೇಳುತ್ತಿದ್ದಾರೆ ಅಂದುಕೊಳ್ಳುತ್ತಾರೆ. ನಮ್ಮಲ್ಲಿ ‘ಇತ್ತ್’ ಅಂದರೆ ಈಗ ಇದೆ ಅಂತಲೇ.

ನಿವೃತ್ತ ಮೇಷ್ಟ್ರು, ಉಡುಪಿ

ತಂಗೀ, ಶಬ್ದದ ಹುಟ್ಟು ನಾನು ಹೇಳಿದ್ದೇ. ಪುರುಷನಿಗೂ ಅದಕ್ಕೂ ಸಂಬಂಧ ಇಲ್ಲ. ‘ಹೊತ್ತು’ ಅದರಲ್ಲಿ ಸೇರಿದೆ ಅಂತ ಹೇಳುವವರೂ ಇದ್ದಾರೆ, ಅದೂ ಅಲ್ಲ. ಆದರೆ ನಿಮ್ಮ ಅಮ್ಮ ಹೇಳಿದ್ದನ್ನು ತಪ್ಪು ಅಂತ ಬದಿಗೆ ಸರಿಸಲು ನನ್ನಿಂದ ಆಗುವುದಿಲ್ಲ. ಒಂದು ಶಬ್ದ ಎಲ್ಲಿಂದ ಬಂತು ಎನ್ನುವುದು ಒಂದು ವಿಷಯ. ಬಂದ ಮೇಲೆ ಯಾರ ಮನೆಯಲ್ಲಿ ಹೇಗೆ ಬದುಕಿತು ಎನ್ನುವುದು ಇನ್ನೊಂದು. ನಿಮ್ಮ ಅಮ್ಮ ಹೇಳಿದ್ದು ಎರಡನೆಯದು. ನನ್ನ ಮನೆಯಲ್ಲೂ ಹಾಗೆಯೇ ಇತ್ತು ಎಂದು ಈಗ ಕೂತು ಯೋಚಿಸುತ್ತಿದ್ದೇನೆ.

ರಾತ್ರಿ ಪಾಳಿ

ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಈ ಚರ್ಚೆ ಓದುವಾಗ ಒಬ್ಬರು ಅಜ್ಜಿ ನೆನಪಾದರು.

ಅವರಿಗೆ ಆಪರೇಷನ್ ಆಗಿತ್ತು. ಡಾಕ್ಟರು ‘ಆರು ವಾರ ವಿಶ್ರಾಂತಿ’ ಅಂದರು. ಡಾಕ್ಟರು ಹೋದ ಮೇಲೆ ಅಜ್ಜಿ ನನ್ನ ಕೈ ಹಿಡಿದು, ‘ಆರು ವಾರ ಮಲಗಲಿಕ್ಕೆ ನನಗೆ ಪುರುಸೊತ್ತಿಲ್ಲ ಮಗಾ’ ಅಂದರು. ಆಗ ನನಗೆ ನಗು ಬಂದಿತ್ತು. ಮಂಚದ ಮೇಲೆ ಮಲಗಿದವರಿಗೆ ಸಮಯಕ್ಕೆ ಎಂತ ಬರಗಾಲ? ಇಡೀ ದಿನ ಮೇಲಿನ ಫ್ಯಾನ್ ನೋಡುವುದೇ ಕೆಲಸ. ರಾತ್ರಿ ಎರಡು ಗಂಟೆಗೆ ಡ್ರಿಪ್ ನೋಡಲು ಹೋದರೆ ಅಜ್ಜಿ ಎಚ್ಚರ. ‘ದನ ಕರು ಹಾಕುವ ದಿನ ಹತ್ತಿರ ಬಂತು, ಮನೆಯಲ್ಲಿ ಮೊಮ್ಮಗ ಒಬ್ಬನೇ’ ಅಂದರು. ಆವಾಗ ಅರ್ಥ ಆಯಿತು. ಅವರಿಗೆ ಸಮಯ ಇತ್ತು, ವಿಶ್ರಾಂತಿಯೂ ಇತ್ತು. ಪುರುಸೊತ್ತು ಇರಲಿಲ್ಲ.

ನಮ್ಮ ವಾರ್ಡಿನಲ್ಲಿ ಈ ಶಬ್ದಗಳು ಬೇರೆ ಬೇರೆ ಜಾಗದಲ್ಲಿ ಇವೆ. ವಿಶ್ರಾಂತಿ ಮೈಗೆ. ರಜೆ ಹಾಜರಿ ಪುಸ್ತಕದಲ್ಲಿ. ಬಿಡುವು ಅಂದರೆ ಇಬ್ಬರು ರೋಗಿಗಳ ಮಧ್ಯೆ ಚಾ ಕುಡಿಯುವ ಹೊತ್ತು. ಪುರುಸೊತ್ತು ಮನಸ್ಸಿನದ್ದು. ನನಗೆ ರಜೆ ಇದ್ದ ದಿನ ಪುರುಸೊತ್ತು ಅತಿ ಕಡಿಮೆ. ಒಗೆಯುವುದು, ಮಗಳ ಶಾಲೆಯ ಕೆಲಸ, ರೇಶನ್. ಕುಂದಾಪ್ರದ ಅಮ್ಮ ಹೇಳಿದ್ದನ್ನು ನಾನು ಎರಡು ಸಲ ಓದಿದೆ.

ಮಲ್ಪೆ ಬೋಟಿನವ

ನರ್ಸಕ್ಕ ಹೇಳಿದ್ದು ನಮಗೂ ಹೊಂದುತ್ತದೆ.

ಜೂನ್ 1ರಿಂದ ಜುಲೈ 31ರ ತನಕ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಒಟ್ಟು 61 ದಿನ. ಊರಿನವರು ‘ನಿಮಗೆ ಎಂತ ಮಾರಾಯ, ಎರಡು ತಿಂಗಳು ಪುರುಸೊತ್ತು’ ಅನ್ನುತ್ತಾರೆ. ಬಂದು ಬಂದರಿನ ಧಕ್ಕೆಯಲ್ಲಿ ನೋಡಬೇಕು. ಬಲೆ ಬಿಚ್ಚಿ ಹರಿದದ್ದನ್ನು ಹೆಣೆಯುವುದು, ಇಂಜಿನ್ ಬಿಚ್ಚುವುದು, ಬೋಟಿಗೆ ಪೈಂಟ್, ಅದರ ಮೇಲೆ ಸಾಲದ ಲೆಕ್ಕ. ಅದು ರಜೆ ಹೌದು, ಯಾಕೆಂದರೆ ಕಡಲಿಗೆ ಹೋಗುವ ಹಾಗಿಲ್ಲ. ಪುರುಸೊತ್ತು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಕಡಲಲ್ಲಿ ಬಿಡುವು ಸಿಗುತ್ತದೆ. ಬಲೆ ಬಿಟ್ಟ ಮೇಲೆ ಎಳೆಯುವ ತನಕ ಗಂಟೆಗಟ್ಟಲೆ ಕೈಗೆ ಕೆಲಸ ಕಡಿಮೆ. ಒಬ್ಬ ಅಡುಗೆಗೆ ಹೋಗುತ್ತಾನೆ, ಉಳಿದವರು ಅಲ್ಲಲ್ಲೇ ಅಡ್ಡ ಬೀಳುತ್ತಾರೆ. ಆದರೆ ಬಲೆಯಲ್ಲಿ ಎಂತ ಬೀಳುತ್ತದೆ, ಗಾಳಿ ಎದ್ದರೆ ಎಂತ ಮಾಡುವುದು ಎಂಬ ಯೋಚನೆ ಬಿಡುವುದಿಲ್ಲ. ಅದನ್ನು ಪುರುಸೊತ್ತು ಅಂತ ಯಾರೂ ಕರೆಯುವುದಿಲ್ಲ. ಮೀನು ಇಳಿಸಿ, ಪಾಲು ಹಂಚಿ, ಮನೆಗೆ ಹೋಗಿ ಸ್ನಾನ ಮಾಡಿ ಕೂತಾಗ ಒಂದು ಹೊತ್ತು ಬರುತ್ತದೆ ನೋಡಿ. ಅದು ಪುರುಸೊತ್ತು.

ಸುರತ್ಕಲ್‌ನಿಂದ

ಮಂಗಳೂರು–ಉಡುಪಿ ಖಾಸಗಿ ಬಸ್ಸಿನಲ್ಲಿ ದಿನಾ ಓಡಾಡುವವ ನಾನು. ಕಂಡಕ್ಟರ್ ಬಾಯಲ್ಲಿ ‘ಪುರುಸೊತ್ತಿಲ್ಲ’ ಅಂತ ಕೇಳಿದ ನೆನಪಿಲ್ಲ. ಅವರದ್ದು ಯಾವಾಗಲೂ ‘ಟೈಮಿಲ್ಲ, ಟೈಮಿಲ್ಲ, ಬೇಗ ಹತ್ತಿ’. ಯಾಕೆಂದು ಈಗ ಹೊಳೆಯಿತು. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಟ ಬಸ್ಸಿಗೆ ಇಷ್ಟು ನಿಮಿಷಕ್ಕೆ ಇಲ್ಲಿ ಇರಬೇಕು ಅಂತ ಲೆಕ್ಕ ಉಂಟು, ಹಿಂದಿನಿಂದ ಇನ್ನೊಂದು ಬಸ್ಸು ಬರುತ್ತಾ ಉಂಟು. ಅಲ್ಲಿ ಕೊರತೆ ಇರುವುದು ಗಡಿಯಾರದ್ದು. ಅದಕ್ಕೆ ಟೈಮ್.

ಅದೇ ಕಂಡಕ್ಟರ್ ಮನೆಗೆ ಹೋದ ಮೇಲೆ, ಯಾರಾದರೂ ಮದುವೆಗೆ ಕರೆದರೆ, ‘ಪುರುಸೊತ್ತಿಲ್ಲ ಮಾರ್ರೆ, ಲೈನಲ್ಲಿ ಜನ ಇಲ್ಲ’ ಅಂತಲೇ ಹೇಳಿಯಾರು.

ಬಲ್ಮಠದಿಂದ

ನಾನು ಇಪ್ಪತ್ತು ವರ್ಷದಿಂದ ಕಂಪ್ಯೂಟರಿನಲ್ಲಿ ಮದುವೆ ಕಾಗದ ಟೈಪ್ ಮಾಡುವವನು. ಇಲ್ಲಿ ಎಲ್ಲರೂ ಪುರುಸೊತ್ತಿನ ಪರ ಇದ್ದಾರೆ. ಪ್ರೆಸ್ಸಿನವರ ಕಡೆಯ ಮಾತನ್ನೂ ಯಾರಾದರೂ ಹೇಳಬೇಕು.

ಪುರುಸೊತ್ತು ಎಂಬುದಕ್ಕೆ ಒಂದು ಚುಚ್ಚು ಉಂಟು. ‘ಇಲ್ಲ’ ಜೊತೆ ಬಂದರೆ ಅದು ಗೌರವದ ಶಬ್ದ. ಪುರುಸೊತ್ತಿಲ್ಲದವ ಅಂದರೆ ಕೆಲಸದವ, ಬೇಕಾದವ. ‘ಇದೆ’ ಜೊತೆ ಬಂದರೆ ಒಮ್ಮೆಲೇ ತಿರುಗುತ್ತದೆ. ‘ಅವನಿಗೆ ಎಂತ, ಪುರುಸೊತ್ತು ಉಂಟು.’ ‘ನಿನಗೆ ಪುರುಸೊತ್ತು ಜಾಸ್ತಿ ಆಯಿತು.’ ಇದನ್ನು ಯಾರೂ ಹೊಗಳಿಕೆ ಅಂತ ತೆಗೆದುಕೊಳ್ಳುವುದಿಲ್ಲ. ‘ನಾಯಿಗೆ ಕೆಲಸ ಇಲ್ಲ, ನಿಲ್ಲಲಿಕ್ಕೆ ಪುರುಸೊತ್ತಿಲ್ಲ’ ಅಂತ ಗಾದೆಯೇ ಉಂಟು. ಬಿಡುವಿಗೆ ಈ ಚುಚ್ಚು ಇಲ್ಲ. ‘ನಿಮಗೆ ಬಿಡುವು ಇದೆಯಾ’ ಅಂತ ಯಾರನ್ನು ಬೇಕಾದರೂ ಕೇಳಬಹುದು. ಕಾಗದ ನೂರಾರು ಮನೆಗೆ ಹೋಗುತ್ತದೆ. ಒಂದು ಮನೆಯವರಿಗೆ ಬೇಸರ ಆದರೂ ಕಷ್ಟ. ಅದಕ್ಕೇ ನಾವು ಹಳೇ ಸಾಲನ್ನೇ ಹಾಕುವುದು.

ಆದರೆ ಒಂದು ಮಾತು. ‘ಪುರುಸೊತ್ತು ಇದ್ದರೆ ಬನ್ನಿ’ ಅಂತ ಬರೆದಿದ್ದರೆ ನಾನು ಖಂಡಿತ ಬೇಡ ಅನ್ನುತ್ತಿದ್ದೆ. ಅದು ಬೇರೆ ಕೆಲಸ ಇಲ್ಲದಿದ್ದರೆ ಬನ್ನಿ ಅಂದ ಹಾಗೆ. ನಿಮ್ಮ ಅಪ್ಪ ಬರೆದದ್ದು ‘ಮಾಡಿಕೊಂಡು’ ಅಂತ. ನಿಮಗೆ ಪುರುಸೊತ್ತಿಲ್ಲ, ನನಗೆ ಗೊತ್ತುಂಟು, ಆದರೂ ನಮಗೋಸ್ಕರ ಮಾಡಿಕೊಳ್ಳಿ – ಅಷ್ಟೂ ಅದರ ಒಳಗೆ ಉಂಟು. ಬರೆಯುವವರಿಗೆ ಭಾಷೆ ಗೊತ್ತುಂಟು.

ಧಾರವಾಡದಿಂದ ಮಣಿಪಾಲಕ್ಕೆ

ನಾನು ಓದಲು ಬಂದು ಇಲ್ಲೇ ಉಳಿದವನು. ನಮ್ಮ ಕಡೆ ಇದಕ್ಕೆ ‘ಸವಡ’ ಅಂತೀವಿ. ‘ಈಗ ಸವಡ ಇಲ್ರಿ, ಸಂಜೀಕ ಬರ್ತೀನಿ.’ ಅದು ಮರಾಠಿಯಿಂದ ಬಂದದ್ದು. ಪುರುಸೊತ್ತೂ ನಡೆಯುತ್ತದೆ, ಆದರೆ ಮನೆಯೊಳಗೆ ಸವಡವೇ. ಮಣಿಪಾಲಕ್ಕೆ ಬಂದ ಹೊಸತರಲ್ಲಿ ಕ್ಯಾಂಟೀನಿನಲ್ಲಿ ‘ಸವಡ ಮಾಡಿಕೊಂಡು ಬರ್ರಿ’ ಅಂದರೆ ಎಲ್ಲರೂ ಮುಖ ನೋಡಿದ್ದರು.

ಇನ್ನೊಂದು, ‘ಸಾವಕಾಶ’. ನಮ್ಮಲ್ಲಿ ಸಾವಕಾಶ ಅಂದರೆ ನಿಧಾನ. ‘ಸಾವಕಾಶ ಹೋಗ್ರಿ.’ ಅದರ ಒಳಗೆ ಇರುವುದು ಅವಕಾಶ. ಮೇಷ್ಟ್ರು ಹೇಳಿದ ಅರಬ್ಬಿ ಶಬ್ದದ ಅರ್ಥವೂ ಅವಕಾಶವೇ ಅಲ್ಲವೇ? ಎರಡು ಬೇರೆ ಭಾಷೆಗಳಲ್ಲಿ ಅವಕಾಶವೇ ಬೆಳೆದು ಬೆಳೆದು ಅವಸರ ಇಲ್ಲದಿರುವಿಕೆ ಆಗಿದೆ. ನನಗೆ ಇದು ತುಂಬ ಚಂದ ಕಂಡಿತು.

ನಿವೃತ್ತ ಮೇಷ್ಟ್ರು, ಉಡುಪಿ

ಧಾರವಾಡದವರು ಒಳ್ಳೆಯ ಎಳೆ ಹಿಡಿದರು. ಅದರ ಜೊತೆ ‘ತೆರಪು’ ಎಂಬುದನ್ನೂ ಇಡಿ. ಕುಮಾರವ್ಯಾಸ ಭಾರತ ಶುರು ಮಾಡುವಾಗ, ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷನೇ ತಿಣುಕಿದ, ಆ ಕಥೆಯಲ್ಲಿ ‘ಕಾಲಿಡಲು ತೆರಪಿಲ್ಲ’ ಅನ್ನುತ್ತಾನೆ. ಅಲ್ಲಿ ತೆರಪು ಅಂದರೆ ಜಾಗ, ಸಂದು. ಆಮೇಲೆ ಅದು ಹೊತ್ತಿಗೂ ಬಂತು. ‘ತೆರಪಿಲ್ಲದೆ ದುಡಿದರು’ ಅಂತ ಹೇಳುತ್ತೇವೆ. ಅವಕಾಶಕ್ಕೂ ಇದೇ ಕಥೆ, ಮೊದಲು ಜಾಗ, ನಂತರ ಸಂದರ್ಭ. ಬಿಡುವು ಕೂಡ ಎರಡು ಕೆಲಸದ ಮಧ್ಯೆ ಬಿಟ್ಟ ಸಂದು. ಹೊತ್ತನ್ನು ನಾವು ಜಾಗದ ಹಾಗೆ ನೋಡುತ್ತೇವೆ.

ಪಾಠ ಮಾಡುವಾಗ ನಾನು ಮಕ್ಕಳಿಗೆ ಒಂದು ಪರೀಕ್ಷೆ ಕೊಡುತ್ತಿದ್ದೆ. ಎರಡು ಶಬ್ದ ಒಂದೇ ಅರ್ಥದವು ಅಂತ ಅನಿಸಿದರೆ, ಅವುಗಳ ಜೊತೆ ಯಾವ ಕ್ರಿಯಾಪದ ಬರುತ್ತದೆ ನೋಡಿ. ಸಮಯ ಕಳೆಯಬಹುದು, ಉಳಿಸಬಹುದು, ಹಾಳು ಮಾಡಬಹುದು. ಬಿಡುವು ಸಿಗುತ್ತದೆ, ಕೊಡಬಹುದು. ಮಳೆಯೂ ಬಿಡುವು ಕೊಡುತ್ತದೆ. ಪುರುಸೊತ್ತು ಆಗುತ್ತದೆ, ‘ಪುರುಸೊತ್ತಾದಾಗ ಬರುತ್ತೇನೆ’. ಆದರೆ ‘ನನ್ನ ಪುರುಸೊತ್ತು ಹಾಳು ಮಾಡಿದ’ ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ? ನಾನಂತೂ ಕೇಳಿಲ್ಲ. ಪುರುಸೊತ್ತನ್ನು ಹಾಳು ಮಾಡಲು ಬರುವುದಿಲ್ಲ. ಇನ್ನೊಂದು, ಸಮಯವನ್ನು ಅಳೆಯಬಹುದು, ಪುರುಸೊತ್ತನ್ನು ಅಳೆಯಲಾಗದು.

ಸುರತ್ಕಲ್‌ನಿಂದ

ಮೇಷ್ಟ್ರೇ, ಕೊನೆಯದಕ್ಕೆ ಒಪ್ಪುವುದಿಲ್ಲ. ‘ಐದು ನಿಮಿಷ ಪುರುಸೊತ್ತುಂಟಾ’ ಅಂತ ನಾವು ದಿನಾ ಕೇಳುತ್ತೇವಲ್ಲ?

ನಿವೃತ್ತ ಮೇಷ್ಟ್ರು, ಉಡುಪಿ

ಹೌದು, ಕೇಳುತ್ತೇವೆ. ನಾನೂ ಕೇಳುತ್ತೇನೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಹಾಳು ಮಾಡಲು ಆಗುವುದಿಲ್ಲ ಎಂಬುದು ಮಾತ್ರ ಇರಲಿ.

ತೀರ್ಥಹಳ್ಳಿಯಿಂದ ಬಂದ ಸೊಸೆ

ಮಳೆ ಬಿಡುವು ಕೊಡುತ್ತದೆ ಅಂದಿರಲ್ಲ, ನಮ್ಮ ತವರಿನ ಕಡೆ ಅದಕ್ಕೆ ‘ಹೊಳವು’ ಅಂತಾರೆ. ‘ಮಳೆ ಸ್ವಲ್ಪ ಹೊಳವಾಗಲಿ, ಆಮೇಲೆ ಹೋಗು.’ ಮದುವೆಯಾಗಿ ಉಡುಪಿಗೆ ಬಂದ ವರ್ಷ ಅತ್ತೆಗೆ ಹೀಗೆ ಹೇಳಿದೆ. ಹೊಳೆಗೆ ಹೋಗಬೇಡ ಅಂತ ಹೇಳುತ್ತಿದ್ದೇನೆ ಅಂತ ಅವರು ತಿಳಿದುಕೊಂಡರು.

ಪುರುಸೊತ್ತಿನ ಇನ್ನೊಂದು ಬಳಕೆಯನ್ನು ಇಲ್ಲಿ ಯಾರೂ ಹೇಳಲಿಲ್ಲ. ನನಗೆ ಉಡುಪಿಯಲ್ಲಿ ತುಂಬ ಇಷ್ಟವಾದದ್ದು ಅದು. ‘ಒಂದು ಹನಿ ಮಳೆ ಬೀಳಲಿಕ್ಕೆ ಪುರುಸೊತ್ತಿಲ್ಲ, ಕರೆಂಟ್ ಹೋಯಿತು.’ ‘ಬಸ್ಸಿನಿಂದ ಇಳಿಯಲಿಕ್ಕೆ ಪುರುಸೊತ್ತಿಲ್ಲ, ರಿಕ್ಷಾದವರು ಸುತ್ತ ಬಂದರು.’ ಅತ್ತೆ ದಿನಕ್ಕೆ ನಾಲ್ಕು ಸಲ ಹೀಗೆ ಹೇಳುತ್ತಾರೆ. ಇಲ್ಲಿ ಯಾರ ಬಿಡುವಿನ ಮಾತೂ ಇಲ್ಲ. ಒಂದು ಆದ ತಕ್ಷಣ ಇನ್ನೊಂದು ಆಯಿತು, ಮಧ್ಯೆ ಸಂದೇ ಇರಲಿಲ್ಲ ಅಂತ. ಮೇಷ್ಟ್ರು ಹೇಳಿದ ತೆರಪು ಇಲ್ಲಿ ಸರಿಯಾಗಿ ಕೂರುತ್ತದೆ. ಆದರೆ ಇದೇ ಜಾಗದಲ್ಲಿ ಬಿಡುವು ಹಾಕಿ ನೋಡಿ. ‘ಮಳೆ ಬೀಳಲು ಬಿಡುವಿಲ್ಲ, ಕರೆಂಟ್ ಹೋಯಿತು.’ ವಾಕ್ಯ ಸತ್ತೇ ಹೋಯಿತು.

ಸೈರಣೆ ಎಂಬ ಅರ್ಥವೂ ಉಂಟು. ಮಗ ದೋಸೆ ಕಾವಲಿಯಲ್ಲಿರುವಾಗಲೇ ಕೈ ಹಾಕಿದರೆ, ‘ಒಂದು ಪುರುಸೊತ್ತು ಇಲ್ಲ ಇವನಿಗೆ’ ಅಂತಾರೆ ಅತ್ತೆ. ಆ ಹುಡುಗನಿಗೆ ಇಡೀ ದಿನ ರಜೆ. ಇಲ್ಲದ್ದು ತಾಳ್ಮೆ.

ಕಂಕನಾಡಿಯಿಂದ

ನಮ್ಮ ಕೊಂಕಣಿಯಲ್ಲೂ ಅದೇ ಶಬ್ದ, ‘ಪುರ್ಸತ್ ನಾ’. ಪಕ್ಕದ ಮನೆಯ ತುಳುವರು ‘ಪುರ್ಸೊತ್ತು ಇಜ್ಜಿ’ ಅನ್ನುತ್ತಾರೆ. ಅವರು ನಮ್ಮ ಹತ್ತಿರ, ನಾವು ಅವರ ಹತ್ತಿರ ಕನ್ನಡದಲ್ಲಿ ‘ಪುರುಸೊತ್ತಿಲ್ಲ’ ಅನ್ನುತ್ತೇವೆ. ಮೂರು ಭಾಷೆ, ಒಂದೇ ಶಬ್ದ. ಇದನ್ನು ಕಾಗದದಲ್ಲಿ ಹಾಕಿದರೆ ಅರ್ಥ ಆಗದ ಮನೆ ನಮ್ಮೂರಿನಲ್ಲಿ ಒಂದೂ ಇರಲಿಕ್ಕಿಲ್ಲ.

ಕಿನ್ನಿಗೋಳಿ ಅಜ್ಜಿಯ ಮೊಮ್ಮಗಳು

ನನ್ನ ಅಜ್ಜಿಯ ಕಾಲದಲ್ಲಿ ಪುರುಸೊತ್ತಿಗೂ ಒಂದು ತಿಂಗಳು ಇತ್ತು. ತುಳುವರ ಬೇಶ ತಿಂಗಳ 10ನೇ ದಿನ ಪತ್ತನಾಜೆ. ಅಂದರೆ ಮೇ ಕೊನೆಯ ಹೊತ್ತಿಗೆ. ಆವತ್ತು ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ದೈವಗಳ ಕೋಲ ನೇಮ ನಿಲ್ಲುತ್ತದೆ. ಆಮೇಲೆ ಗದ್ದೆ ಕೆಲಸ ಜೋರು. ನಾಟಿ ಮುಗಿದು ಆಟಿ ತಿಂಗಳು ಬಂದಾಗ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ, ಹೊರಗೆ ಮಳೆ, ಒಳಗೆ ಜನ. ಆಗ ಆಟದ ಚೆನ್ನೆಮಣೆ ಅಟ್ಟದಿಂದ ಇಳಿಯುತ್ತಿತ್ತು. ಆಚೆ 7, ಈಚೆ 7, ಒಟ್ಟು 14 ಗುಳಿ. ಒಂದೊಂದರಲ್ಲಿ 4 ಕಾಯಿ. ಅಕ್ಕ ತಂಗಿ ಎದುರು ಬದುರು ಕೂತರೆ ಸಂಜೆಯಾದದ್ದು ಗೊತ್ತಾಗುತ್ತಿರಲಿಲ್ಲವಂತೆ.

‘ಆಟಿಯಲ್ಲಿ ಪುರುಸೊತ್ತು ಇತ್ತು, ಅಕ್ಕಿ ಇರಲಿಲ್ಲ’ ಅಂತ ಅಜ್ಜಿ ಹೇಳುತ್ತಿದ್ದರು. ಕೆಸುವಿನ ಎಲೆ, ತಜಂಕ್ ಸೊಪ್ಪು, ಹಲಸಿನ ಬೀಜ – ಅದರಲ್ಲೇ ದಿನ ದೂಡುವುದು. ಹಾಗಾಗಿ ಅಜ್ಜಿಗೆ ಈ ಶಬ್ದದಲ್ಲಿ ಆಟದ ನೆನಪೂ ಇತ್ತು, ಹಸಿವಿನ ನೆನಪೂ ಇತ್ತು. ಮನೆಗೆ ಬಂದವರು ಎದ್ದು ಹೊರಟಾಗ ‘ಇನ್ನೊಮ್ಮೆ ಪುರುಸೊತ್ತಲ್ಲಿ ಬನ್ನಿ’ ಅಂತ ಗೇಟಿನ ತನಕ ಹೋಗಿ ಹೇಳುತ್ತಿದ್ದರು. ಅದನ್ನು ‘ಬಿಡುವಿನಲ್ಲಿ ಬನ್ನಿ’ ಅಂದರೆ ನಿಮಗೆ ಬಿಡುವಾದಾಗ ಬನ್ನಿ ಅಂತ ಆಗುತ್ತದೆ. ‘ಪುರುಸೊತ್ತಲ್ಲಿ ಬನ್ನಿ’ ಅಂದರೆ, ಬಂದಾಗ ಎದ್ದು ಓಡುವ ಗಡಿಬಿಡಿ ಇಟ್ಟುಕೊಂಡು ಬರಬೇಡಿ, ಕೂತು ಮಾತಾಡುವ ಅಂತ. ಈ ವ್ಯತ್ಯಾಸ ನನಗೆ ಅಜ್ಜಿ ಹೋದ ಮೇಲೆ ಗೊತ್ತಾಯಿತು.

ಕಾಪುವಿನವಳ ತಮ್ಮ

ನಾನೇ ಆ ತಮ್ಮ. ಅಕ್ಕ ಲಿಂಕ್ ಕಳಿಸಿದಳು. ಎಲ್ಲವನ್ನೂ ಓದಿದೆ.

ನಾನು ಬೇಡ ಅಂದದ್ದು ಯಾಕೆಂದರೆ ಕಾಗದವನ್ನು ಆಫೀಸಿನಲ್ಲೂ ಹಂಚಬೇಕಿತ್ತು. ಬೆಂಗಳೂರಿನಲ್ಲಿ ಪುರುಸೊತ್ತು ಎಲ್ಲರಿಗೂ ಗೊತ್ತು, ಆದರೆ ನಮ್ಮ ಆಫೀಸಿನಲ್ಲಿ ಯಾರೂ ಆಡುವುದಿಲ್ಲ. ‘ಫ್ರೀ ಇದ್ದೀರಾ’, ‘ಬಿಸಿ ಇದ್ದೇನೆ’ – ಅಷ್ಟೇ. ಕಾಗದದಲ್ಲಿ ನೋಡಿದರೆ ಹಳ್ಳಿಯ ಮಾತು ಅಂದುಕೊಂಡಾರು ಅಂತ ಅನಿಸಿತ್ತು.

ಅಪ್ಪ ಪ್ರತಿ ಆದಿತ್ಯವಾರ ಫೋನ್ ಮಾಡುತ್ತಾರೆ. ಹಲೋ ಆದ ಮೇಲೆ ಮೊದಲ ಮಾತು ‘ಪುರುಸೊತ್ತುಂಟಾ ಮಗಾ?’ ನಾನು ‘ಹೇಳಿ ಅಪ್ಪ, ಹತ್ತು ನಿಮಿಷ ಉಂಟು’ ಅನ್ನುತ್ತೇನೆ. ಅವರು ಹತ್ತು ನಿಮಿಷದ ಒಳಗೆ ಇಡುತ್ತಾರೆ. ಎಷ್ಟೋ ವರ್ಷದಿಂದ ಹೀಗೆ. ಅವರು ಕೇಳುವುದು ಒಂದು, ನಾನು ಉತ್ತರ ಕೊಡುವುದು ಇನ್ನೊಂದು ಅಂತ ಈ ಚರ್ಚೆ ಓದುವ ತನಕ ನನಗೆ ಹೊಳೆದಿರಲಿಲ್ಲ.

ಅಕ್ಕಾ, ಅಪ್ಪ ಬರೆದದ್ದನ್ನೇ ಹಾಕು. ಆಫೀಸಿಗೂ ಅದೇ ಕಾಗದ ಕೊಡುತ್ತೇನೆ.

ಬಲ್ಮಠದಿಂದ

ಕಾಪುವಿನವರೇ, ಅಕ್ಷರ ಮಾತ್ರ ಸರಿ ನೋಡಿಕೊಳ್ಳಿ. ‘ಸೊ’ ಹ್ರಸ್ವ, ‘ತ್ತು’ ಒತ್ತು. ಪ್ರೂಫ್ ಬಂದಾಗ ಜೋರಾಗಿ ಓದಿ ನೋಡಿ.

ಕಾಪುವಿನವಳು

ಎಲ್ಲರಿಗೂ ಮನಸ್ಸು ತುಂಬಿ ಧನ್ಯವಾದ. ಕಾಗದ ಅಚ್ಚಾಗಿ ಬಂತು.

ನಾನು ಈ ಚರ್ಚೆಯನ್ನು ಅಪ್ಪನಿಗೆ ಓದಿ ಹೇಳಿದೆ. ಕುಂದಾಪ್ರದ ಅಮ್ಮನ ಮಾತು ಬಂದಾಗ ನಮ್ಮಮ್ಮ ಅಡುಗೆಮನೆಯಿಂದ ‘ಸರಿಯಾಗಿ ಹೇಳಿದ್ದಾರೆ’ ಅಂದರು. ಅಪ್ಪ ಎಂತದೂ ಹೇಳಲಿಲ್ಲ. ಮರುದಿನ ಒಕ್ಕಣೆಯನ್ನು ಇನ್ನೊಮ್ಮೆ ತಿದ್ದಿದರು. ಈಗ ಹೀಗಿದೆ: ‘ತಾವು ಪುರುಸೊತ್ತು ಮಾಡಿಕೊಂಡು ಮನೆಮಂದಿಯೊಂದಿಗೆ ಬಂದು, ಊಟ ಮಾಡಿ, ಸ್ವಲ್ಪ ಹೊತ್ತು ಕೂತು ಹೋಗಬೇಕು.’ ಕೆಳಗೆ ಮೊದಲು ಅಪ್ಪನ ಹೆಸರು ಒಂದೇ ಇತ್ತು. ಈಗ ಅಮ್ಮನ ಹೆಸರೂ ಉಂಟು, ಮೊದಲಿಗೆ.

ಪ್ರೆಸ್ಸಿನವರು ಹೆಚ್ಚು ಮಾತಾಡಲಿಲ್ಲ. ಪ್ರೂಫ್ ಕೊಡುವಾಗ ಆ ಸಾಲನ್ನು ಜೋರಾಗಿ ಓದಿ, ಸರಿ ಉಂಟು ಅಂದರು.

ನಿನ್ನೆಯಿಂದ ಮನೆ ಮನೆಗೆ ಹೋಗಿ ಹೇಳಿಕೆ ಕೊಡುವುದು ಶುರು. ಅಪ್ಪನ ಜೊತೆ ಸ್ಕೂಟರಿನಲ್ಲಿ ನಾನೂ ಹೋಗುತ್ತಿದ್ದೇನೆ. ಒಂದು ಮನೆಯಲ್ಲಿ ಹಿರಿಯರೊಬ್ಬರು ಕನ್ನಡಕ ಹಾಕಿಕೊಂಡು ಕಾಗದವನ್ನು ಪೂರ್ತಿ ಓದಿದರು. ಆ ಸಾಲಿಗೆ ಬಂದು ನಿಂತು, ಅಪ್ಪನ ಮುಖ ನೋಡಿ, ‘ಬರ್ತೇವೆ ಮಾರಾಯ್ರೆ, ಬಾರದೆ ಉಂಟಾ? ಈಗ ಕೂತ್ಕೊಳ್ಳಿ, ಚಾ ಮಾಡಿಸ್ತೇನೆ’ ಅಂದರು.

‘ಇವತ್ತು ಪುರುಸೊತ್ತಿಲ್ಲ, ಇನ್ನು 11 ಮನೆ ಉಂಟು. ಆವತ್ತು ನಮ್ಮಲ್ಲಿ ಕೂರುವ’ ಅಂತ ಹೇಳಿ ಅಪ್ಪ ಚಪ್ಪಲಿ ಹಾಕಿಕೊಂಡರು.